ಬೋರ್ಡ್ ಕೈಗೆ ಬಂತು, ಮೊದಲು ಏನು ಮಾಡಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಸಣ್ಣ ಬೈಕಿನ ಇಸಿಯು ಬಗ್ಗೆ ಇವೆ. ಇಂಜಿನ್‌ಗೆ ಎಷ್ಟು ಪೆಟ್ರೋಲ್, ಯಾವಾಗ ಸ್ಪಾರ್ಕ್ ಅಂತ ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್ ಅದು. ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಅಪ್ಪನ ಹಳೇ 150 ಸಿಸಿ ಕಾರ್ಬೊರೇಟರ್ ಬೈಕಿಗೆ ಸ್ಪೀಡುಯಿನೊ ಇಸಿಯು ಹಾಕಬೇಕು ಅಂತ ಆಸೆ ಸಾರ್. ಬೋರ್ಡ್ ತಂದಿದ್ದೇನೆ, ಗುಜರಿಯಲ್ಲಿ ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಬೈಕಿನ ಥ್ರಾಟಲ್ ಬಾಡಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸಿಕ್ಕಿದೆ. ಎಲ್ಲಿಂದ ಶುರು ಮಾಡಲಿ? ಪವರ್ ಎಷ್ಟು ಜಾಸ್ತಿ ಆಗುತ್ತೆ?
– ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಪವರ್ ಆಸೆ ಬಿಟ್ಟುಬಿಡಿ. ಕಾರ್ಬೊರೇಟರ್ ಸರಿಯಾಗಿ ಸೆಟ್ ಆಗಿದ್ದರೆ ಈ ಬದಲಾವಣೆಯಿಂದ ಓಟದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸಿಗುವುದು ಬೇರೆ: ಚೋಕ್ ಎಳೆಯದೆ ಚಳಿಯಲ್ಲಿ ಸ್ಟಾರ್ಟ್, ಘಾಟಿ ಹತ್ತಿದಾಗ ತಾನೇ ಸರಿಹೋಗುವ ಮಿಶ್ರಣ, ಮತ್ತು ಇಂಜಿನ್ ಒಳಗೆ ಏನು ನಡೆಯುತ್ತಿದೆ ಅಂತ ಕಣ್ಣಾರೆ ನೋಡುವ ಅವಕಾಶ.

ಸ್ಪೀಡುಯಿನೊ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು, ಆರ್ಡುಯಿನೊ ಮೆಗಾ 2560 ಅನ್ನುವ ಸಣ್ಣ ಕಂಟ್ರೋಲರ್ ಬೋರ್ಡ್ ಮೇಲೆ ಓಡುತ್ತದೆ, ಒಳಗಿನ ಕೋಡ್ ಯಾರು ಬೇಕಾದರೂ ಓದಬಹುದು. ಕಲಿಯುವವರಿಗೆ ಒಳ್ಳೆಯ ಆಯ್ಕೆ. ಆದರೆ ಮೊದಲ ಹಂತದಲ್ಲಿ ಸ್ಪಾರ್ಕ್ ತಂಟೆಗೆ ಹೋಗಬೇಡಿ. ಸ್ಪಾರ್ಕ್ ಕೊಡುವ ಗಾಡಿಯ ಸಿಡಿಐ ಬಾಕ್ಸ್ ಹಾಗೇ ಇರಲಿ, ಪೆಟ್ರೋಲ್ ಮಾತ್ರ ಇಸಿಯು ನೋಡಿಕೊಳ್ಳಲಿ. ಪೆಟ್ರೋಲ್ ಲೆಕ್ಕ ತಪ್ಪಿದರೆ ಗಾಡಿ ಮಿಸ್ ಹೊಡೆಯುತ್ತದೆ, ಹೊಗೆ ಬರುತ್ತದೆ, ಆಫ್ ಆಗುತ್ತದೆ, ನಿಮಗೆ ಗೊತ್ತಾಗುತ್ತದೆ. ಸ್ಪಾರ್ಕ್ ತುಂಬಾ ಮುಂಚೆ ಬಿದ್ದರೆ ಮಾತ್ರ ಸುಮ್ನೆ ಓಡುತ್ತಾ ಓಡುತ್ತಾ ಪಿಸ್ಟನ್ನೇ ಹೋಗಬಹುದು. ಪೆಟ್ರೋಲ್ ಲೆಕ್ಕಕ್ಕೆ ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಒಂದು ಪಲ್ಸ್ ಸಿಕ್ಕರೂ ಕೆಲಸ ನಡೆಯುತ್ತದೆ. ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ತೋರಿಸುವ ಹಲ್ಲಿನ ಚಕ್ರದ ತಲೆನೋವು ಸ್ಪಾರ್ಕ್‌ಗೆ ಕೈ ಹಾಕುವಾಗ ಬಂದರೆ ಸಾಕು.

ಇಂಜೆಕ್ಟರ್ ನಿಮ್ಮ ಇಂಜಿನ್‌ಗೆ ಹೊಂದುತ್ತದಾ ಅಂತ ಮೊದಲು ಪೇಪರ್ ಮೇಲೆ ನೋಡಿ. 150 ಸಿಸಿ ಸಿಲಿಂಡರ್ ಪೂರ್ತಿ ತುಂಬಿದರೆ ಒಳಗೆ ಬರುವ ಗಾಳಿ ಸುಮಾರು 0.18 ಗ್ರಾಂ. ಒಂದು ಗ್ರಾಂ ಪೆಟ್ರೋಲ್ ಉರಿಯಲು 14.7 ಗ್ರಾಂ ಗಾಳಿ ಬೇಕು, ಅದರಿಂದ ಭಾಗಿಸಿದರೆ ಪೆಟ್ರೋಲ್ 12 ಮಿಲಿಗ್ರಾಂ, ಒಂದು ನೀರಿನ ಹನಿಯ ಕಾಲು ಭಾಗದಷ್ಟು! ನಿಮಿಷಕ್ಕೆ 120 ಸಿಸಿ ಬಿಡುವ ಇಂಜೆಕ್ಟರ್ ಒಂದು ಮಿಲಿಸೆಕೆಂಡಿಗೆ ಸುಮಾರು 1.5 ಮಿಲಿಗ್ರಾಂ ಬಿಡುತ್ತದೆ, ಅಂದರೆ 8 ಮಿಲಿಸೆಕೆಂಡ್ ಬೇಕು. ಇಂಜಿನ್ ಗಾಳಿ ಎಳೆಯುವುದು ಎರಡು ಸುತ್ತಿಗೊಮ್ಮೆ, 9,000 ಆರ್‌ಪಿಎಂನಲ್ಲಿ ಆ ಎರಡು ಸುತ್ತಿಗೆ ಇರುವುದೇ 13.3 ಮಿಲಿಸೆಕೆಂಡ್. ಇಂಜೆಕ್ಟರ್ ಬಾಯಿ ತೆರೆಯಲು ಪ್ರತಿ ಸಲ ಒಂದು ಮಿಲಿಸೆಕೆಂಡ್ ಹೋಗುತ್ತದೆ. ಸುತ್ತಿಗೊಮ್ಮೆ ಅರ್ಧರ್ಧ ಬಿಟ್ಟರೆ ಅದು ಎರಡಾಯಿತು, ಒಟ್ಟು 10. ಹಿಡಿಸುತ್ತದೆ. ಇದಕ್ಕಿಂತ ಎರಡು ಪಟ್ಟು ದೊಡ್ಡದು ಹಾಕಿದರೆ ಐಡ್ಲಿಂಗ್‌ನಲ್ಲಿ ಅದು ತೆರೆದಿರುವ ಸಮಯ ಎಷ್ಟು ಕಮ್ಮಿ ಆಗುತ್ತದೆ ಅಂದರೆ ಬ್ಯಾಟರಿ ವೋಲ್ಟೇಜ್ ಸ್ವಲ್ಪ ಇಳಿದರೂ ಗಾಡಿ ಕುಂಟುತ್ತದೆ.

ಇನ್ನೊಂದು, ಇಂಜಿನ್‌ಗೆ ಹೋಗುವ ಗಾಳಿಯ ಪ್ರೆಶರ್ ಅಳೆಯುವ ಮ್ಯಾಪ್ ಸೆನ್ಸರ್ ನೆಚ್ಚಿಕೊಂಡು ಶುರು ಮಾಡಬೇಡಿ. ನಾಲ್ಕು ಸಿಲಿಂಡರ್ ಕಾರಿನಲ್ಲಿ ಒಂದಲ್ಲ ಒಂದು ಸಿಲಿಂಡರ್ ಗಾಳಿ ಎಳೆಯುತ್ತಿರುತ್ತದೆ, ಪ್ರೆಶರ್ ಸುಮಾರಾಗಿ ಒಂದೇ ಕಡೆ ನಿಲ್ಲುತ್ತದೆ. ಸಿಂಗಲ್ ಸಿಲಿಂಡರ್ ಎರಡು ಸುತ್ತಿಗೆ ಒಂದೇ ಸಲ ಎಳೆಯುವುದರಿಂದ ರೀಡಿಂಗ್ ಕುಣಿಯುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಇವೆರಡರ ಮೇಲೆ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಟೇಬಲ್ ಮಾಡಿ. ಇದಕ್ಕೆ ಆಲ್ಫಾ-ಎನ್ ಅನ್ನುತ್ತಾರೆ. ಟೇಬಲ್‌ನಲ್ಲಿ ಥ್ರಾಟಲ್‌ನ ಕೆಳಗಿನ ಸಾಲುಗಳು ಹತ್ತಿರ ಹತ್ತಿರ ಇರಲಿ: 0, 2, 4, 6, 10, 15 ಪರ್ಸೆಂಟ್. ಥ್ರಾಟಲ್ 2ರಿಂದ 4 ಪರ್ಸೆಂಟಿಗೆ ಹೋದಾಗ ಗಾಳಿ ಎಷ್ಟು ಬದಲಾಗುತ್ತದೋ 60ರಿಂದ 80ಕ್ಕೆ ಹೋದಾಗ ಅಷ್ಟು ಆಗುವುದಿಲ್ಲ.

ಪೆಟ್ರೋಲ್ ಪೈಪ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಇಂಜೆಕ್ಷನ್ ಪಂಪ್ ಸುಮಾರು 3 ಬಾರ್ ಒತ್ತಡ ಕೊಡುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರ್‌ಗೆ ಬರುವ ಸಾದಾ ಪೈಪ್ ಅದನ್ನು ತಡೆಯಲ್ಲ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ. ಫ್ಯೂಯಲ್ ಇಂಜೆಕ್ಷನ್ ಪೈಪ್ ಅಂತಲೇ ಕೇಳಿ ತನ್ನಿ, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟುಕೊಂಡೇ ಮೊದಲ ಸಲ ಸ್ಟಾರ್ಟ್ ಮಾಡಿ.

ಹಲ್ಲಿನ ಚಕ್ರ ಹಾಕಿ ಸ್ಪಾರ್ಕ್ ಕೂಡ ಇಸಿಯುಗೆ ಕೊಟ್ಟಿದ್ದೇನೆ. 5,000 ದಾಟಿದ ಕೂಡಲೇ ಗಾಡಿ ಮಿಸ್ ಹೊಡೆಯುತ್ತದೆ. ಪೆಟ್ರೋಲ್ ಕಮ್ಮಿಯಾ, ಜಾಸ್ತಿಯಾ?
– ದಾವಣಗೆರೆ ಓದುಗ

ಎರಡೂ ಅಲ್ಲ ಅಂತ ನನ್ನ ಅನುಮಾನ. ಟೇಬಲ್ ಮುಟ್ಟುವ ಮೊದಲು ಓಡುವಾಗಿನ ರೀಡಿಂಗ್‌ಗಳ ದಾಖಲೆ, ಅಂದರೆ ಲಾಗ್ ತೆಗೆದು ಆರ್‌ಪಿಎಂ ಕಾಲಂ ಒಂದೊಂದೇ ಸಾಲು ನೋಡಿ. ನನ್ನ ಗಾಡಿಯಲ್ಲೂ ಇದೇ ಆಗಿತ್ತು. ಸಾಲಾಗಿ ಹೀಗೆ ಬರುತ್ತಿತ್ತು: 5,180, 5,210, 11,460, 5,230. ಕಣ್ಣು ಮಿಟುಕಿಸುವಷ್ಟರಲ್ಲಿ ಇಂಜಿನ್ ಹಾಗೆ ಹಾರಿ ಇಳಿಯಲು ಸಾಧ್ಯವೇ ಇಲ್ಲ, ಇಸಿಯುಗೆ ಇಲ್ಲದ ಹಲ್ಲು ಕಾಣಿಸುತ್ತಿತ್ತು. ಟ್ಯಾಂಕ್ ಎತ್ತಿ ನೋಡಿದೆ. ಹಲ್ಲು ಎಣಿಸುವ ಸೆನ್ಸರ್ ಆದ ಪಿಕಪ್‌ನ ವೈರ್ ಮತ್ತು ಸ್ಪಾರ್ಕ್ ಕಾಯಿಲ್ ವೈರ್ ಎರಡನ್ನೂ ಒಂದೇ ಟ್ಯಾಗ್‌ನಲ್ಲಿ ಕಟ್ಟಿ ಬಿಗಿದಿದ್ದೆ, ಸ್ಪಾರ್ಕ್ ಆದಾಗಲೆಲ್ಲ ಆ ಗದ್ದಲ ಪಿಕಪ್ ವೈರ್‌ಗೂ ಹತ್ತುತ್ತಿತ್ತು. ಟ್ಯಾಗ್ ಕತ್ತರಿಸಿ ಪಿಕಪ್ ವೈರನ್ನು ಚಾಸಿಯ ಇನ್ನೊಂದು ಬದಿಯಿಂದ ತಂದೆ, ಅರ್ಧ ಸರಿಹೋಯಿತು. ಆಮೇಲೆ ಶೀಲ್ಡ್ ಇರುವ ವೈರ್ ಹಾಕಿ, ಶೀಲ್ಡನ್ನು ಇಸಿಯು ಕಡೆ ಮಾತ್ರ ಅರ್ತ್ ಮಾಡಿ, 5 ಕಿಲೋ ಓಮ್ ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದ ಮೇಲೆ ಆ ಹಾರಾಟ ನಿಂತೇಹೋಯಿತು. ನೀವೂ ಪ್ಲಗ್ ನಂಬರ್ ನೋಡಿ, ಅದರಲ್ಲಿ ಆರ್ ಅಕ್ಷರ ಇದ್ದರೆ ಒಳಗೆ ರೆಸಿಸ್ಟರ್ ಇದೆ ಅಂತ ಸಾಮಾನ್ಯ ಅರ್ಥ.

ಇಷ್ಟಾದರೂ ಹೋಗದಿದ್ದರೆ ಪಿಕಪ್‌ಗೂ ಹಲ್ಲಿಗೂ ಇರುವ ಗ್ಯಾಪ್ ಫೀಲರ್ ಗೇಜ್‌ನಲ್ಲಿ ಅಳೆಯಿರಿ, ಒಂದೊಂದು ಹಲ್ಲಿಗೂ. ಚಕ್ರ ಸ್ವಲ್ಪ ವಾಲಿದ್ದರೆ ಒಂದು ಕಡೆ ಗ್ಯಾಪ್ ಜಾಸ್ತಿಯಾಗಿ ಆ ಹಲ್ಲು ಕಾಣದೇ ಹೋಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಸುಳ್ಳು ಪಲ್ಸ್ ತಡೆಯುವ ಟ್ರಿಗರ್ ಫಿಲ್ಟರ್ ಇದೆ ನಿಜ, ಆದರೆ ವೈರಿಂಗ್ ಸರಿ ಮಾಡದೆ ಅದನ್ನೇ ಏರಿಸಿದರೆ ನಿಜವಾದ ಹಲ್ಲನ್ನೂ ಅದು ತಿಂದುಬಿಡುತ್ತದೆ.

ಹೊಗೆ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದ್ದೇನೆ. ಐಡ್ಲಿಂಗ್‌ನಲ್ಲಿ ಯಾವಾಗಲೂ 17, 18 ತೋರಿಸುತ್ತೆ, ಅಂದರೆ ಪೆಟ್ರೋಲ್ ಕಮ್ಮಿ ಅಂತ. ಪೆಟ್ರೋಲ್ ಏರಿಸಿದರೆ ಪ್ಲಗ್ ಕಪ್ಪಾಗುತ್ತೆ. ಯಾವುದನ್ನು ನಂಬಲಿ?
– ಮಂಗಳೂರು

ಪ್ಲಗ್ ನಂಬಿ, ಅದು ಕಪ್ಪಾದರೆ ಪೆಟ್ರೋಲ್ ಜಾಸ್ತಿ ಅಂತ. ಸಣ್ಣ ಬೈಕಿನ ಸೈಲೆನ್ಸರ್ ಗಿಡ್ಡ. ಐಡ್ಲಿಂಗ್‌ನಲ್ಲಿ ಹೊಗೆ ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಹಿಂದಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ, ಸೆನ್ಸರ್ ಆ ಗಾಳಿಯನ್ನೂ ಲೆಕ್ಕ ಹಿಡಿಯುತ್ತದೆ. ಬೆಂಡ್ ಪೈಪ್ ಜಾಯಿಂಟ್‌ನಲ್ಲಿ ಲೀಕ್ ಇದ್ದರೂ ಹೀಗೇ. ಸೆನ್ಸರನ್ನು ಇಂಜಿನ್‌ಗೆ ಹತ್ತಿರ, ವೈರ್ ಇರುವ ತುದಿ ಮೇಲಾಗಿ ವಾಲಿಸಿ ಕೂರಿಸಿ. ಐಡ್ಲಿಂಗನ್ನು ಮಾತ್ರ ಕಿವಿಯಲ್ಲಿ ಕೇಳಿಕೊಂಡು ಸೆಟ್ ಮಾಡಿ. ಹಾಗೇ ಡಿಸ್‌ಪ್ಲೇಯನ್ನು ಲ್ಯಾಂಬ್ಡಾಗೆ ಬದಲಾಯಿಸಿ, ಅಂದರೆ ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು ಪಟ್ಟು ಅನ್ನುವ ಲೆಕ್ಕ. 14.7 ಅನ್ನುವುದು ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. 20 ಪರ್ಸೆಂಟ್ ಎಥನಾಲ್ ಇರುವ ಇ20 ಪೆಟ್ರೋಲಿಗೆ ಅದು ಸುಮಾರು 13.5. ಲ್ಯಾಂಬ್ಡಾ 1 ಅಂದರೆ ಯಾವ ಪೆಟ್ರೋಲಿಗೂ 1. ಸೆನ್ಸರ್‌ನ ಹೀಟರ್ ಆಫ್ ಇಟ್ಟು ಗಾಡಿ ಓಡಿಸಬೇಡಿ, ಬೇಗ ಹಾಳಾಗುತ್ತದೆ.

ನನ್ನ ಬಿಎಸ್6 ಬೈಕಿನ ಕಂಪನಿ ಇಸಿಯುವನ್ನೇ ಬದಲಾಯಿಸಿ ಓಡಿಸಬಹುದಾ?
– ಧಾರವಾಡ

ರೋಡ್ ಮೇಲೆ ಓಡಿಸುವ ಗಾಡಿಯಾದರೆ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಕಡಿವಾಣ ಹಾಕುತ್ತದೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು. ವಾರಂಟಿಯೂ ಹೋಗುತ್ತದೆ. ಹೊಗೆ ಕಮ್ಮಿ ಮಾಡಲೆಂದೇ 2020ರ ಏಪ್ರಿಲ್‌ನಿಂದ ಬಂದ ವ್ಯವಸ್ಥೆ ಅದು, ಹಾಗೇ ಬಿಡಿ. ಕಲಿಯುವ ಆಸೆ ಇದ್ದರೆ ಗುಜರಿಯಿಂದ ಒಂದು ಹಳೇ ಇಂಜಿನ್ ತಂದು ಕಬ್ಬಿಣದ ಸ್ಟ್ಯಾಂಡ್ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿ, ಗಾಳಿ ಆಡುವ ಕಡೆ. ಹಾಸನದ ಹುಡುಗನಿಗೂ ಇದನ್ನೇ ಹೇಳುತ್ತೇನೆ: ಟೇಬಲ್ ಒಂದು ಹದಕ್ಕೆ ಬರುವ ತನಕ ಅಪ್ಪನ ಬೈಕು ಮುಟ್ಟಬೇಡಿ, ಅವರಿಗೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ವಾ.