ಬಾತ್‌ರೂಮ್ ಟೈಲ್ಸ್ ಹಿಂದಿನ ಗೋಡೆ ನೆನೆದಿದೆ. ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಸಾಕಾ?

ಸಾಕಾಗುವುದಿಲ್ಲ. ತಟ್ಟಿದಾಗ ಟೊಳ್ಳು ಸದ್ದು ಬರುವ ಟೈಲ್ಸ್ ಕಿತ್ತು, ನೆನೆದ ಪ್ಲಾಸ್ಟರ್ ಕೆತ್ತಿ, ಗೋಡೆ ಒಣಗಿಸಲೇಬೇಕು.

ಟೈಲ್ಸ್ ನೀರನ್ನು ಒಳಗೆ ಬಿಡುವುದಿಲ್ಲ, ಸಂದಿಯ ಸಿಮೆಂಟ್ ಹೀರುತ್ತದೆ. ಒಳಹೋದ ನೀರು ಆಚೆ ರೂಮಿನ ಕಡೆಯಿಂದ ಆರುತ್ತದೆ. ಅದು ಹೊತ್ತು ತಂದ ಉಪ್ಪು ಅಲ್ಲೇ ಹರಳುಗಟ್ಟಿ ಬಣ್ಣವನ್ನು ಎಬ್ಬಿಸುತ್ತದೆ. ಬೆರಳಾಡಿಸಿದರೆ ಬಿಳಿ ಪುಡಿ ಉದುರುತ್ತದೆ ಅಲ್ವಾ, ಅದೇ. ಅದರ ಮೇಲೆ ಸುಮ್ನೆ ಬಣ್ಣ ಬಳಿದರೆ ದುಡ್ಡು ದಂಡ.

ಷವರ್ ಬಳಸದಿದ್ದರೂ ಹಸಿ ಆರದಿದ್ದರೆ ಮೊದಲು ಪೈಪ್ ನೋಡಿಸಿ. ಕಲಬುರಗಿಯ ಹಳೇ ಮನೆಯಾಗಿ ಗೋಡೆ ಶಹಾಬಾದ್ ಕಲ್ಲಿನದಾದರೆ ದಪ್ಪ ಜಾಸ್ತಿ, ಒಣಗುವುದು ನಿಧಾನ. ಏಪ್ರಿಲ್-ಮೇ ಬಿಸಿಲಲ್ಲೇ ಕೆಲಸ ಹಿಡಿಯಿರಿ. ಆಮೇಲೆ ಹೊಸ ಪ್ಲಾಸ್ಟರ್, ಅದರ ಮೇಲೆ ವಾಟರ್‌ಪ್ರೂಫಿಂಗ್ 2 ಕೋಟ್, ಕೊನೆಗೆ ಟೈಲ್ಸ್. ಕೋಟ್ ಬೇಡ ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ.