ಅಪ್ಪ ತೀರಿಕೊಂಡ್ರು, ಅವರ ಬದುಕಿನ ಬಗ್ಗೆ ಎರಡು ಪುಟ ಬರೀಬೇಕು, ಎಲ್ಲಿಂದ ಶುರು ಮಾಡ್ಲಿ?

ನೀವು ಚಿಕ್ಕಮಗಳೂರಿನೋರು ಅಂತ ಬರೆದಿದ್ದೀರ, ಮನೆಯೋರೆಲ್ಲ ಸೇರಿ ಒಂದು ಸಣ್ಣ ಪುಸ್ತಕ ಪ್ರಿಂಟ್ ಹಾಕಿಸ್ತಿದ್ದಾರೆ, ಬರೆಯೋ ಕೆಲಸ ನಿಮ್ಮ ತಲೆಗೆ ಬಿದ್ದಿದೆ, ಆದ್ರೆ ಹುಟ್ಟಿದ್ದು ಓದಿದ್ದು ಕೆಲಸಕ್ಕೆ ಸೇರಿದ್ದು ಬಿಟ್ರೆ ಏನೂ ಹೊಳೀತಿಲ್ಲ ಅಂತ. ನಾನು ಹಾಸನದೋನು, ಅಪ್ಪ ಹೋದಾಗ ನಮ್ಮನೇಲೂ ಇದೇ ಕಥೆ ಆಯ್ತು, ಅದಕ್ಕೇ ಬರೀತಿದ್ದೀನಿ.

ಮೊದಲ್ನೇದಾಗಿ, ದಯವಿಟ್ಟು "ಸರಳ ಸಜ್ಜನ, ಅಜಾತಶತ್ರು, ಸ್ನೇಹಜೀವಿ" ಅಂತ ಶುರು ಮಾಡ್ಬೇಡಿ. ಸರ್ಕಲ್‌ನಲ್ಲಿ ಕಟ್ಟೋ ಶ್ರದ್ಧಾಂಜಲಿ ಫ್ಲೆಕ್ಸ್‌ಗಳಲ್ಲೆಲ್ಲ ಅದೇ ಇರುತ್ತೆ, ಫೋಟೋ ಬದಲಾಯಿಸಿದ್ರೆ ಯಾರಿಗೆ ಬೇಕಾದ್ರೂ ಆಗುತ್ತೆ. ನಮ್ಮ ಚಿಕ್ಕಪ್ಪ ಅದನ್ನೇ ಬರಿ ಅಂತ ಹಠ ಹಿಡಿದ್ರು. ನಮ್ಮಪ್ಪ ಅಜಾತಶತ್ರು ಅಲ್ವೇ ಅಲ್ಲ, ಗಣಪತಿ ಪೆಂಡಾಲಿನ ಸ್ಪೀಕರ್ ಒಡೆದ ದನಿಯಲ್ಲಿ ಕಿರುಚ್ತಿದೆ ಅಂತ ಬೀದಿ ಹುಡುಗರ ಹತ್ರ ಜಗಳಕ್ಕೆ ಹೋಗಿ, ಕೊನೆಗೆ ಅವ್ರೇ ಸ್ಟೂಲ್ ಹತ್ತಿ ವೈರ್ ಸರಿ ಮಾಡಿ ಬಂದ ಮನುಷ್ಯ. ನಾನು ಅದನ್ನೇ ಬರೆದೆ.

ಅಪ್ಪನ ಊರು ಅರಕಲಗೂಡು ತಾಲ್ಲೂಕಲ್ಲಿ, ರುದ್ರಪಟ್ಟಣದ ಪಕ್ಕದ ಹಳ್ಳಿ. ರುದ್ರಪಟ್ಟಣ ಗೊತ್ತಲ್ಲ, ಸಂಗೀತಗಾರರ ಊರು, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ, ಕಾವೇರಿ ದಡದಲ್ಲಿದೆ, ಈಗ ಅಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ತಂಬೂರಿ ಆಕಾರದ ಮಂದಿರ ಇದೆ. ನಮ್ಮದು ಬೇಸಾಯದ ಮನೆ, ಸಂಗೀತ ಕಲಿತೋರು ಯಾರೂ ಇಲ್ಲ, ಅಪ್ಪನೂ ಕಲೀಲಿಲ್ಲ, ಹಾಡಿದ್ರೆ ಅಮ್ಮ "ರೀ, ಸಾಕು" ಅಂತಿದ್ಲು. ಆದ್ರೆ ಹುಡುಗನಾಗಿದ್ದಾಗ ಆ ಊರಿನ ಜಗಲಿಗಳ ಹತ್ರ ನಿಂತು ಕೇಳಿ ಕೇಳಿ ಕಿವಿ ತಯಾರಾಗಿತ್ತು. ಆಮೇಲೆ ಹಾಸನದಲ್ಲಿ ಇಂಜಿನಿಯರಿಂಗ್, ಬೆಂಗಳೂರಲ್ಲಿ ಒಂದು ಫ್ಯಾಕ್ಟರಿಯ ಕಂಪ್ಯೂಟರ್ ಸೆಕ್ಷನ್, ಅಲ್ಲಿಂದ ಕನ್ಸಲ್ಟೆಂಟ್ ಆಗಿ ದೇಶ ದೇಶ ತಿರುಗಿದ್ದು. ಈ ಭಾಗ ನಾನು ನಾಲ್ಕು ಸಾಲಲ್ಲಿ ಮುಗಿಸ್ದೆ, ನೀವೂ ಹಾಗೇ ಮಾಡಿ, ಬಯೋಡೇಟಾ ಯಾರೂ ಓದಲ್ಲ.

ಓದೋದು ಏನನ್ನ ಅಂದ್ರೆ, ಆ ಕೆಲಸವನ್ನ ಅವರು ಹೇಗೆ ಮಾಡ್ತಿದ್ರು ಅನ್ನೋದನ್ನ. ನಮ್ಮಪ್ಪ ಏನ್ ಕೆಲಸ ಮಾಡ್ತಾರೆ ಅಂತ ಊರಲ್ಲಿ ಯಾರಿಗೂ ಅರ್ಥ ಆಗ್ತಿರಲಿಲ್ಲ, ನನಗೂ ಅಷ್ಟೇ. ವೈಟುಕೆ ಗಲಾಟೆ ಟೈಮಲ್ಲಿ, ಅಂದ್ರೆ 2000ನೇ ಇಸವಿ ಬಂದ್ರೆ ಕಂಪ್ಯೂಟರ್ ಲೆಕ್ಕ ಎಲ್ಲಾ ತಪ್ಪುತ್ತೆ ಅಂತ ಹೆದರಿದ್ದ 1998-99ರಲ್ಲಿ, ಅಜ್ಜಿ ಕೇಳಿದ್ರು, ಅದೇನು ನಿನ್ನ ಅಷ್ಟು ದೂರದಿಂದ ಕರೀತಾರಲ್ಲ ಮಗಾ ಅಂತ. ಅಪ್ಪ ಕ್ಯಾಲೆಂಡರ್ ಹಿಂದೆ ಪೆನ್ನಲ್ಲಿ ಬರೆದು ತೋರ್ಸಿದ್ರು: ಹಿಂದೆ ಕಂಪ್ಯೂಟರಿಗೆ ಮಾಹಿತಿ ಕೊಡ್ತಿದ್ದಿದ್ದು ತೂತು ಹೊಡೆದ ರಟ್ಟಿನ ಪಂಚ್ ಕಾರ್ಡಲ್ಲಿ, ಒಂದರಲ್ಲಿ 80 ಅಕ್ಷರಕ್ಕಷ್ಟೇ ಜಾಗ, ಮೆಮೊರಿನೂ ದುಬಾರಿ, ಅದಕ್ಕೆ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ರು. 65ರಲ್ಲಿ ಹುಟ್ಟಿದೋನ ವಯಸ್ಸು 99ರಲ್ಲಿ 34 ಬರುತ್ತೆ, ಸರಿ. ಮಾರನೇ ವರ್ಷ 00 ಆಗುತ್ತೆ, ಅದರಲ್ಲಿ 65 ಕಳೆದ್ರೆ? ಸಾಲ, ಬಡ್ಡಿ, ಪೆನ್ಷನ್ ಎಲ್ಲಾ ಉಲ್ಟಾ. ಅಜ್ಜಿ ಪೂರ್ತಿ ಕೇಳಿ, "ಇನ್ನೆಲ್ಡು ಅಂಕಿ ಬರೆಯಕ್ಕೆ ಏನ್ ದೊಡ್ರೋಗ ಬಂದಿತ್ತು ಅವಕ್ಕೆ" ಅಂದ್ರು. ಅಪ್ಪ ಈ ಮಾತನ್ನ ಆಮೇಲೆ ಮೀಟಿಂಗ್‌ಗಳಲ್ಲಿ ಇಂಗ್ಲಿಷಲ್ಲಿ ಹೇಳ್ತಿದ್ರಂತೆ, ಅಷ್ಟು ಚೆನ್ನಾಗಿ ಬರ್ತಿರ್ಲಿಲ್ಲ ಅಂತ ಅವರೇ ಒಪ್ಕೊಂಡಿದ್ರು. 2000ದ ಫೆಬ್ರವರಿ 29ಕ್ಕೂ ಅವರಿಗೆ ನಿದ್ದೆ ಇರ್ಲಿಲ್ಲ, ಯಾಕಂದ್ರೆ ನೂರರಿಂದ ಭಾಗ ಆಗೋ ವರ್ಷ ಅಧಿಕ ವರ್ಷ ಅಲ್ಲ, ಆದ್ರೆ ನಾನ್ನೂರರಿಂದ ಭಾಗ ಆದ್ರೆ ಹೌದು, ಅರ್ಧ ರೂಲ್ ಓದ್ಕೊಂಡು ಪ್ರೋಗ್ರಾಂ ಬರೆದೋರು ಎಲ್ಲಾ ಕಡೆ ಇದ್ರು.

ಅವರ ಜೊತೆ ಕೆಲಸ ಮಾಡಿದೋರೊಬ್ಬರು ಮನೆಗೆ ಬಂದಾಗ ನನಗೆ ಗೊತ್ತಿಲ್ಲದ ವಿಷಯ ಒಂದು ಹೇಳಿದ್ರು. ಹೊಸ ಕ್ಲೈಂಟ್ ಹತ್ರ ಹೋದ್ರೆ ಅಪ್ಪ ಮೊದಲು ಮ್ಯಾನೇಜರ್ ರೂಮಿಗೆ ಹೋಗ್ತಿರಲಿಲ್ಲವಂತೆ. ಎಂಟ್ರಿ ಹಾಕೋ ಕ್ಲರ್ಕ್ ಪಕ್ಕ ಒಂದು ಕುರ್ಚಿ ಎಳ್ಕೊಂಡು ಸುಮ್ನೆ ಕೂರೋದು. ಆ ಹೆಂಗಸು ಯಾವ ಸ್ಕ್ರೀನ್ ಬಂದಾಗ ನಿಟ್ಟುಸಿರು ಬಿಡ್ತಾಳೆ, ಯಾವ ಜಾಗಕ್ಕೆ ಬಂದಾಗ ಕಂಪ್ಯೂಟರ್ ಬಿಟ್ಟು ಡ್ರಾಯರ್‌ನಿಂದ ನೋಟ್‌ಬುಕ್ ತೆಗೀತಾಳೆ, ಅದನ್ನ ನೋಡೋದು. ತೊಂದರೆ ಇರೋದು ಅಲ್ಲೇ ಅಂತ. ನಾನು ಅವರನ್ನ ಬರೀ ಏರ್‌ಪೋರ್ಟಿಂದ ಬರೋ, ಚಾಕ್ಲೇಟ್ ತರೋ ಅಪ್ಪ ಅಂತ ನೋಡಿದ್ದೆ, ಇದು ಕೇಳಿ ತಲೆ ತಿರುಗ್ತು ಅಂತಾನೇ ಹೇಳ್ಬೇಕು.

ಸಂಗೀತದಲ್ಲೂ ಹಂಗೇ ನೋಡಿ. ಎಲ್ಲಿ ಹೋದ್ರೂ ಸಂಜೆ ಅತಿ ಅಗ್ಗದ ಟಿಕೆಟ್ ಹುಡುಕೋರು. ಓಹಾಯೋದಲ್ಲಿ ಪ್ರಾಜೆಕ್ಟ್ ಇದ್ದಾಗ ಈಸ್ಟರ್ ರಜದಲ್ಲಿ ಕ್ಲೀವ್‌ಲ್ಯಾಂಡಿಗೆ ಓಡೋರು, 1978ರಿಂದ ಅಲ್ಲಿ ತ್ಯಾಗರಾಜರ ಆರಾಧನೆ ನಡೀತಿದೆ, ಹೊರಗೆ ಚಳಿ, ಒಳಗೆ ಪಂಚೆ ರೇಷ್ಮೆಸೀರೆ ಗೋಷ್ಠಿಗಾಯನ. ವಿಯೆನ್ನಾದಲ್ಲಿ ಮ್ಯೂಸಿಕ್‌ವೆರೈನ್ ಅಂತ 1870ರ ಹಾಲ್, ಚಿನ್ನದ ಬಣ್ಣದ್ದು, ಅದರ ಹಿಂಭಾಗದಲ್ಲಿ ನಿಂತು ಕೇಳೋರಿಗೆ ಕಡಿಮೆ ರೇಟಿನ ಟಿಕೆಟ್ ಸಿಗುತ್ತೆ. ಆಫೀಸ್ ಶೂನಲ್ಲೇ ಹೋಗಿ ಅಲ್ಲಿ ನಿಲ್ಲೋದು. ಮೊದಲ ಸಲ ಏನೂ ತಿಳೀಲಿಲ್ಲವಂತೆ, ಆದ್ರೂ ಮತ್ತೆ ಹೋದ್ರು. ವಾಪಸ್ ಬಂದು ನಂಗೆ ಹೇಳಿದ್ದು ಇದು: "ಶುರುವಾಗೋ ಮುಂಚೆ ಓಬೋ ಅಂತ ಒಂದು ವಾದ್ಯ ಒಂದೇ ಒಂದು ಸ್ವರ ಕೊಡುತ್ತೆ ಕಣೋ, ಅಷ್ಟೂ ಜನ ಅದಕ್ಕೆ ಸೇರಿಸ್ಕೋತಾರೆ. ಸೇರಿಸ್ಕೊಂಡು ಅದನ್ನ ಬಿಟ್ಟೇಬಿಡ್ತಾರೆ! ನಮ್ಮೋರಿಗೆ ತಂಬೂರಿ ಕೊನೇವರೆಗೂ ಬೇಕು. ಅವರಿಗೆ ಧೈರ್ಯ ಜಾಸ್ತಿ." ಧೈರ್ಯ ಅಂದ್ರೋ ಕೊಬ್ಬು ಅಂದ್ರೋ ಅಂತ ನಂಗೆ ಈಗ್ಲೂ ಅನುಮಾನ, ಎರಡೂ ಅಂದಿರ್ತಾರೆ.

ಹಾಗಂತ ಎಲ್ಲಾ ಚೆಂದ ಇತ್ತು ಅಂತಲ್ಲ. ಅಕ್ಕನ ಸೀಮಂತಕ್ಕೆ ಬರಲಿಲ್ಲ, ಅಮ್ಮ ಅದನ್ನ ಇವತ್ತಿಗೂ ಎತ್ತಾಡ್ತಾಳೆ. ಇದನ್ನೂ ಬರೆದೆ, ಅಮ್ಮನಿಗೆ ಓದಿ ಹೇಳಿದೆ, "ಅದು ಇರ್ಲಿ, ತೆಗೀಬೇಡ" ಅಂದ್ಲು.

ನಿಮ್ಮಪ್ಪಂಗೂ ಕ್ಯಾಸೆಟ್ ಹುಚ್ಚಿತ್ತು ಅಂತ ಬರೆದಿದ್ದೀರಲ್ಲ, ಪೆನ್ನು ಹಿಡಿಯೋ ಮುಂಚೆ ಅದನ್ನ ನೋಡಿ, ಅದೇ ಅರ್ಜೆಂಟು. ನಮ್ಮ ಕಡೆ ಮಳೆಗಾಲದ ಥಂಡಿಗೆ ಟೇಪ್ ಮೇಲೆ ಬಿಳಿ ಬೂಷ್ಟು ಕೂರುತ್ತೆ. ಅಪ್ಪ ಅದಕ್ಕೇ ಬೀರುವಿನ ಕೆಳಗಿನ ಖಾನೇಲಿ ಒಂದು ಸಣ್ಣ ಬಲ್ಬು ಉರಿಸ್ತಿದ್ರು, ಜೂನಿಂದ ಆಗಸ್ಟ್‌ವರೆಗೆ ಆರಿಸೋ ಹಂಗಿಲ್ಲ, ಯಾರಾದ್ರೂ ಆರಿಸಿದ್ರೆ ಮನೇಲಿ ಕುರುಕ್ಷೇತ್ರ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನ ಹಾಗೇ ಹಾಕ್ಬೇಡಿ, ಡೆಕ್‌ಗೂ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತೆ. ಹಳೇ ಡೆಕ್ ಓಡ್ತಿಲ್ಲ ಅಂದ್ರೆ ಬಹಳ ಸಲ ಒಳಗಿನ ರಬ್ಬರ್ ಬೆಲ್ಟ್ ಸಡಿಲ ಆಗಿರುತ್ತೆ ಅಥವಾ ಕರಗಿ ಅಂಟಂಟಾಗಿರುತ್ತೆ, ಅದನ್ನ ಬದಲಾಯಿಸಿ, ಹೆಡ್ಡನ್ನ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ, ಆಮೇಲೆ ಡೆಕ್‌ನಿಂದ ಒಂದು ವೈರನ್ನ ಕಂಪ್ಯೂಟರಿನ ಲೈನ್-ಇನ್ ಅನ್ನೋ ತೂತಿಗೆ ಕೊಟ್ಟು, ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ವೇವ್ ಫೈಲಾಗಿ ರೆಕಾರ್ಡ್ ಮಾಡಿ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಕೂರ್ಲೇಬೇಕು, ಅಡ್ಡದಾರಿ ಇಲ್ಲ. ಆದ್ರೆ ಹಂಗೆ ಕೂತಾಗ್ಲೇ ನಂಗೆ ಬರೆಯೋಕೆ ಸಿಕ್ಕಿದ್ದು. ಕ್ಯಾಸೆಟ್ ಕಾರ್ಡಲ್ಲಿ ಅಪ್ಪ ಹಾಡಿನ ಹೆಸರು ಬರೀತಿರಲಿಲ್ಲ, ರಾಗ ಮತ್ತೆ ಕೇಳಿದ ಊರು ಅಷ್ಟೇ. "ಬೇಗಡೆ, ಮಸ್ಕತ್." "ಮುಖಾರಿ, ಫ್ರಾಂಕ್‌ಫರ್ಟ್, ಜ್ವರ." ಆ ಜ್ವರದ ಕಥೆ ಅಮ್ಮಂಗೂ ಗೊತ್ತಿರ್ಲಿಲ್ಲ.

ಡೆಕ್ ಸಿಗ್ಲಿಲ್ಲ ಅಂದ್ರೆ ಮೆಸೇಜ್ ಮಾಡಿ, ಅಪ್ಪನದ್ದು ಈಗ ಚೆನ್ನಾಗಿ ಓಡ್ತಿದೆ, ಬೇಲೂರು ಮೇಲೆ ಬಂದ್ರೆ ನಿಮಗೆ ಹಾಸನ ಏನ್ ದೂರ. ತಗೊಂಡು ಹೋಗಿ, ಆದ್ರೆ ಕೆಲಸ ಮುಗಿದ ಮೇಲೆ ವಾಪಸ್ ತಂದುಕೊಡ್ಬೇಕು, ಈ ವಿಷಯದಲ್ಲಿ ನಾನು ನಮ್ಮಪ್ಪನಷ್ಟೇ ಜಗಳಗಂಟ.