ಸ್ಟೋರಿಬುಕ್‌ನಲ್ಲಿ (ಸ್ಕ್ರೀನಿನ ಒಂದೊಂದು ಕಾಂಪೊನೆಂಟನ್ನ ಬೇರೆಯಾಗಿ ತೋರಿಸಿ ನೋಡೋ ಟೂಲು) ಎರರ್ ಪ್ರಾಪ್, ಅಂದ್ರೆ ಕಾಂಪೊನೆಂಟಿಗೆ ಹೊರಗಿಂದ ಕೊಡೋ ಎರರ್ ಮಾಹಿತಿ, ನಾವೇ ಕೊಟ್ಟು ಫೀಲ್ಡ್ ಕೆಂಪಗೆ ತೋರಿಸಿದ್ರೆ ಸಾಕಾ, ಇಲ್ಲಾ ಯಾವ್ದಾದ್ರೂ ಆಡ್‌ಆನ್ ಬೇಕಾ?

ಸಾಲಲ್ಲ. ನಾನೂ ಥೇಟ್ ಇದನ್ನೇ ಮಾಡಿದ್ದೆ.

ಧಾರವಾಡದಿಂದ ಪುಣೆಗೆ ಬಂದು ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಸಾಲದ ಅರ್ಜಿಯ ಫಾರ್ಮು ನನ್ನ ಪಾಲಿಗೆ ಬಂತು. ಪ್ಯಾನ್, ಐಎಫ್‌ಎಸ್‌ಸಿ, ಮೊಬೈಲ್, ಎಲ್ಲದಕ್ಕೂ ಸ್ಟೋರಿ, ಅಂದ್ರೆ ಫೀಲ್ಡಿನ ಒಂದೊಂದು ಸ್ಥಿತಿ ತೋರಿಸೋ ಚಿಕ್ಕ ಉದಾಹರಣೆ, ಬರೆದೆ. ಎರರ್ ಸ್ಟೋರಿಗೆ ಆರ್ಗ್ಸ್‌ನಲ್ಲಿ "ಐಎಫ್‌ಎಸ್‌ಸಿ ಸರಿ ಇಲ್ಲ" ಅಂತ ಒಂದು ಸ್ಟ್ರಿಂಗ್ ಹಾಕಿದೆ (ಆರ್ಗ್ಸ್ ಅಂದ್ರೆ ಸ್ಟೋರಿಗೆ ನಾವು ಕೊಡೋ ಪ್ರಾಪ್‌ಗಳು, ಸ್ಟ್ರಿಂಗ್ ಅಂದ್ರೆ ಬರೀ ಅಕ್ಷರಗಳ ಸಾಲು), ಕೆಂಪು ಬಾರ್ಡರ್ ಬಂತು, ಡಿಸೈನರ್ ಓಕೆ ಅಂದ್ರು, ಅಲ್ಲಿಗೆ ಬಿಟ್ಟೆ.

ಡೆಮೋ ದಿನ ಕ್ಲೈಂಟೇ ಐಎಫ್‌ಎಸ್‌ಸಿ, ಅಂದ್ರೆ ಬ್ಯಾಂಕ್ ಶಾಖೆಯ ಕೋಡ್, ಟೈಪ್ ಮಾಡಿದ್ರು. 11 ಅಕ್ಷರದಲ್ಲಿ ಐದನೇದು ಯಾವಾಗ್ಲೂ ಸೊನ್ನೆ, ಅವರು ಇಂಗ್ಲಿಷ್ ಓ ಹೊಡೆದು ಸಬ್ಮಿಟ್ ಒತ್ತಿದ್ರು. ಇಡೀ ಪೇಜ್ ಬೆಳ್ಳಗಾಗಿ ನಿಂತ್ಬಿಡ್ತು.

ಆಗಿದ್ದೇನು ಅಂದ್ರೆ, ರಿಯಾಕ್ಟ್ ಹುಕ್ ಫಾರ್ಮ್ (ಸ್ಕ್ರೀನ್ ಕಟ್ಟೋ ರಿಯಾಕ್ಟ್ ಲೈಬ್ರರಿ ಜೊತೆ ಬಳಸೋ ಫಾರ್ಮ್ ಲೈಬ್ರರಿ) ಪ್ರತಿ ಫೀಲ್ಡಿಗೆ ಕೊಡೋ ಎರರ್ ಒಂದು ಆಬ್ಜೆಕ್ಟು, ಅದರೊಳಗೆ ಟೈಪ್, ಮೆಸೇಜ್ ಅಂತ ಇರುತ್ತೆ, ನಾನು ಮೆಸೇಜ್ ತೆಗೆದು ಕೊಡದೆ ಇಡೀ ಆಬ್ಜೆಕ್ಟನ್ನೇ ಕಾಂಪೊನೆಂಟಿಗೆ ಪಾಸ್ ಮಾಡಿದ್ದೆ, ಕಾಂಪೊನೆಂಟು ಅದನ್ನ ಸೀದಾ ಸ್ಪ್ಯಾನ್ ಒಳಗೆ ಹಾಕಿತ್ತು. ರಿಯಾಕ್ಟ್‌ಗೆ ಬರೀ ಆಬ್ಜೆಕ್ಟ್ ರೆಂಡರ್ ಮಾಡಕ್ಕೆ ಬರಲ್ಲ, ಎಕ್ಸೆಪ್ಶನ್ ಬರುತ್ತೆ, ಮತ್ತೆ ರಿಯಾಕ್ಟ್ 16ರಿಂದ ಈಚೆಗೆ ಎರರ್ ಬೌಂಡರಿ (ಎಕ್ಸೆಪ್ಶನ್ ಹಿಡಿದು ಬದಲಿ ಸ್ಕ್ರೀನ್ ತೋರಿಸೋ ಕಾಂಪೊನೆಂಟು) ಇಲ್ಲದಿದ್ರೆ ಇಡೀ ಟ್ರೀನೇ ಅನ್‌ಮೌಂಟ್ ಆಗುತ್ತೆ, ಅಂದ್ರೆ ಸ್ಕ್ರೀನಿಂದ ಎಲ್ಲಾ ಕಾಂಪೊನೆಂಟೂ ಹೋಗಿಬಿಡುತ್ತೆ. ಟೈಪ್‌ಸ್ಕ್ರಿಪ್ಟ್ ಇದ್ದಿದ್ರೆ ಬರೆಯುವಾಗ್ಲೇ ಹಿಡೀತಿತ್ತೇನೋ, ನಮ್ದು ಬರೀ ಜಾವಾಸ್ಕ್ರಿಪ್ಟು. ಸ್ಟೋರಿಗೆ ಸ್ಟ್ರಿಂಗ್ ಕೊಟ್ಟೋನು ನಾನೇ ಅಲ್ವಾ, ಫಾರ್ಮ್ ಏನು ಕೊಡುತ್ತೆ ಅಂತ ಅದು ಒಂದು ದಿನಾನೂ ನೋಡೇ ಇರ್ಲಿಲ್ಲ. ರಿಲೀಸ್ ಮುಂದಕ್ಕೆ ಹೋಯ್ತು, ನನ್ನನ್ನ ಆ ಪ್ರಾಜೆಕ್ಟಿಂದ ತೆಗೆದ್ರು. ಆವತ್ತು ರಾತ್ರಿ ವಾಕಡ್‌ನ ರೂಮಿಗೆ ಹೋದ್ರೆ ಊಟ ಸೇರ್ಲಿಲ್ಲ.

ಅದಕ್ಕೇ ಆಡ್‌ಆನ್ ಹುಡುಕೋದು ಬಿಡಿ, ಎರರ್ ಪ್ರಾಪನ್ನ ಕೈಯಿಂದ ಕೊಡೋದನ್ನೇ ನಿಲ್ಲಿಸಿ. ಡೆಕೊರೇಟರ್‌ನಲ್ಲಿ (ಸ್ಟೋರಿಯ ಸುತ್ತ ಹಾಕೋ ಹೊದಿಕೆ) ರಿಯಾಕ್ಟ್ ಹುಕ್ ಫಾರ್ಮ್‌ನ ಫಾರ್ಮ್ ಪ್ರೊವೈಡರ್ ಸುತ್ತಿ, ಆಪ್‌ನಲ್ಲಿರೋ ಸ್ಕೀಮಾನೇ (ಯಾವ ಫೀಲ್ಡಲ್ಲಿ ಏನು ಸರಿ ಅನ್ನೋ ನಿಯಮಗಳು) ಕೊಡಿ, ಪ್ಲೇ ಫಂಕ್ಷನ್‌ನಲ್ಲಿ (ಸ್ಟೋರಿ ತೆರೆದ ಮೇಲೆ ಬಳಕೆದಾರರ ಹಾಗೆ ಟೈಪ್, ಕ್ಲಿಕ್ ಮಾಡೋ ಕೋಡ್) ತಪ್ಪು ಐಎಫ್‌ಎಸ್‌ಸಿ ಟೈಪ್ ಮಾಡ್ಸಿ. ಮೋಡ್, ಅಂದ್ರೆ ವ್ಯಾಲಿಡೇಶನ್ ಯಾವಾಗ ನಡೀಬೇಕು ಅನ್ನೋ ಸೆಟ್ಟಿಂಗ್, ಕೂಡ ಆಪ್‌ನಲ್ಲಿರೋದೇ ಇರ್ಲಿ, ಡೀಫಾಲ್ಟ್ ಆನ್‌ಸಬ್ಮಿಟ್ ಇದ್ರೆ ಟ್ಯಾಬ್ ಒತ್ತಿದ ಮಾತ್ರಕ್ಕೆ ಎರರ್ ಬರಲ್ಲ, ಸ್ಟೋರಿಯಲ್ಲಿ ಸಬ್ಮಿಟ್ ಬಟನ್ನೂ ಬೇಕು. ವ್ಯಾಲಿಡೇಶನ್ ಅಸಿಂಕ್ ಆಗಿ ನಡೆಯೋದ್ರಿಂದ ಎರರ್ ಹುಡುಕಕ್ಕೆ ತಕ್ಷಣ ನೋಡೋ ಗೆಟ್‌ಬೈ ಬೇಡ, ಬರೋವರೆಗೂ ಸ್ವಲ್ಪ ಕಾಯೋ ಫೈಂಡ್‌ಬೈ ಹಾಕಿ. ಏರಿಯಾ-ಇನ್ವ್ಯಾಲಿಡ್ (ಫೀಲ್ಡ್ ತಪ್ಪಿದೆ ಅಂತ ಸ್ಕ್ರೀನ್ ರೀಡರ್‌ಗೆ ಹೇಳೋ ಗುರುತು) ಟ್ರೂ ಆಗಿದ್ಯಾ ಅಂತಾನೂ ಅಲ್ಲೇ ನೋಡ್ಕೊಳ್ಳಿ, ಸ್ಕ್ರೀನ್ ರೀಡರ್‌ನವರಿಗೆ ಕೆಂಪು ಬಾರ್ಡರ್ ಕಾಣಲ್ಲ.

ಈಗಲೂ ನಾನು ಐಎಫ್‌ಎಸ್‌ಸಿ ಫೀಲ್ಡಿಗೆ ಬರೆಯೋ ಮೊದಲ ಸ್ಟೋರಿ, ಐದನೇ ಜಾಗದಲ್ಲಿ ಓ ಹೊಡೆಯೋದು.